ಸೂಂಸ್ ನೋಡಲು ಒಯ್ದ ದುರ್ಬೀನು: ಐದಕ್ಕೆ ಮೂರೂವರೆ

ಸೂಂಸ್, ಅಂದರೆ ಗಂಗಾ ನದಿಯ ಡಾಲ್ಫಿನ್, ನೋಡೋದಕ್ಕೆ ಯಾವ ದುರ್ಬೀನು ತಗೋಬೇಕು ಅಂತ ಈ ತಿಂಗಳು ನನ್ನನ್ನು ಮೂರು ಜನ ಕೇಳಿದರು. ಮೂವರೂ ಧಾರವಾಡದವರು, ಮೂವರೂ ಕಾಶಿಗೆ ಟಿಕೆಟ್ ತೆಗೆಸಿ ಕೂತವರು. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧ ಗಂಟೆ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಬರೆದು ಹಾಕುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುವುದು.

ಸಾಮಾನು 8×42 ದುರ್ಬೀನು. ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಚೌಕಾಸಿ ಮಾಡಿ 7,200 ರೂಪಾಯಿಗೆ ತಂದೆ. ಕಂಪನಿ ಹೆಸರು ಬರೆಯುವುದಿಲ್ಲ, ಯಾಕಂದ್ರೆ ಮುಂದೆ ಅದರ ಬೆಲ್ಟಿಗೆ ನಾಲ್ಕು ಮಾತು ಬೈಯುವುದಿದೆ. ಈ ದರದಲ್ಲಿ ಸಿಗುವ 8×42 ಎಲ್ಲ ಹೆಚ್ಚೂಕಡಿಮೆ ಅಣ್ಣತಮ್ಮಂದಿರೇ, ಹೆಸರು ತಿಳಿದು ನಿಮಗೆ ಜಾಸ್ತಿ ಲಾಭವೂ ಇಲ್ಲ.

ಅಂಗಡಿಯವರು ಮೊದಲು ಕೈಗೆ ಕೊಟ್ಟದ್ದು 20×50. "ಇದ ಒಯ್ರಿ ಸರ, ಇಪ್ಪತ್ತ ಪಟ್ಟು ಕಾಣತೈತಿ, ರೊಕ್ಕಾನೂ ಕಡಿಮಿ" ಅಂದರು. ಬಾಗಿಲಿಗೆ ಬಂದು ಎದುರಿನ ಮಾಳಿಗೆ ಮೇಲೆ ಒಣಹಾಕಿದ್ದ ಸೀರೆ ನೋಡಿದೆ. ಅಂಚಿನ ಹೂವು ಎಣಿಸಬಹುದಿತ್ತು. ಆದರೆ ಕೈ ಚೂರು ಅಲುಗಿದರೆ ಸಾಕು, ಸೀರೆ ಹೋಗಿ ನೀರಿನ ಟಾಕಿ ಬರುತ್ತಿತ್ತು, ಮತ್ತೆ ಸೀರೆ ಹುಡುಕಬೇಕು. ಒಣಹಾಕಿದ ಸೀರೆಯೇ ಕೈಗೆ ಸಿಗದಿದ್ದರೆ ಓಡಾಡುವ ಪ್ರಾಣಿ ಎಲ್ಲಿ ಸಿಗಬೇಕು?

ಈ ಅಂಕಿಗಳ ಲೆಕ್ಕ ಸುಲಭ. ಮೊದಲನೆಯದು ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಪಟ್ಟು ಹೆಚ್ಚಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ. ನನ್ನ 8×42ರಲ್ಲಿ ನೂರು ಮೀಟರ್ ದೂರದಲ್ಲಿ ಸುಮಾರು 13 ಮೀಟರ್ ಅಗಲದ ನೀರು ಕಾಣುತ್ತದೆ. ಆ 20×50ರಲ್ಲಿ ಅದರ ಅರ್ಧವೂ ಇಲ್ಲ. ನದಿ ಡಾಲ್ಫಿನ್ ಒಮ್ಮೆ ಮುಳುಗಿದರೆ ಮತ್ತೆ ಎಲ್ಲಿ ಏಳುತ್ತದೋ ಹೇಳಲಿಕ್ಕಾಗದು, ಈ ಕಡೆ ಮೂವತ್ತು ಮೀಟರ್ ಆದರೂ ಆಯಿತು, ಆ ಕಡೆ ಐವತ್ತು ಮೀಟರ್ ಆದರೂ ಆಯಿತು, ಎದ್ದರೂ ಒಂದೇ ಸೆಕೆಂಡು. ಹಾಗಿರುವಾಗ ಇಪ್ಪತ್ತು ಪಟ್ಟಿನ ದುರ್ಬೀನು ಹಿಡಿದು ಕೂತರೆ ಸೂಜಿಯ ಕಣ್ಣಿನಲ್ಲಿ ಜಾತ್ರೆ ನೋಡಿದ ಹಾಗೆ. ತಗೋಬೇಡಿ. ಹತ್ತು ಪಟ್ಟಿನದೂ ಬೇಡ, ದೋಣಿಯಲ್ಲಿ ಕೈ ನಿಲ್ಲುವುದಿಲ್ಲ.

ಊರಲ್ಲಿ ಪರೀಕ್ಷೆ ಮಾಡಿದಾಗ ಇದಕ್ಕೆ ಐದಕ್ಕೆ ಐದು ಕೊಡಬೇಕು ಅನ್ನಿಸಿತ್ತು. ಉಣಕಲ್ ಕೆರೆ ದಂಡೆಯಲ್ಲಿ ಎರಡು ಬೆಳಗು ನಿಂತೆ. ಜನವರಿಯಲ್ಲಿ ಅವ್ವನನ್ನೂ ಅಕ್ಕನ ಮಗನನ್ನೂ ಕರಕೊಂಡು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋದೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಅಲ್ಲಿ ಸಾವಿರಗಟ್ಟಲೆ ಕೂತಿರುತ್ತವೆ, 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ ಸೇರಿದೆ. ಹೆಬ್ಬಾತಿನ ತಲೆಯ ಎರಡು ಕಪ್ಪು ಪಟ್ಟೆ ಕೆರೆಯ ಈ ದಂಡೆಯಿಂದಲೇ ಸ್ಪಷ್ಟ. ಬರುವಾಗ ಲಕ್ಕುಂಡಿಗೆ ಹೋಗಿ ಕಾಶಿ ವಿಶ್ವೇಶ್ವರ ಗುಡಿಯ ಮೇಲ್ಭಾಗದ ಕೆತ್ತನೆಯನ್ನೂ ನೋಡಿದೆವು. ಬರಿಗಣ್ಣಿಗೆ ಸುಮ್ನೆ ಉಬ್ಬುತಗ್ಗು ಅನ್ನಿಸಿದ್ದು ಇದರಲ್ಲಿ ಹೂಬಳ್ಳಿ ಆಗಿ ಕಂಡಿತು. "ಇಲ್ಲೇ ಕಾಶಿ ವಿಶ್ವೇಶ್ವರ ಅದಾನಲ್ಲೋ, ಅಷ್ಟ ದೂರ ಯಾಕ ಹೋಗೂದು" ಅಂತ ಅವ್ವ ಅಂದಳು. ಟಿಕೆಟ್ ಆಗಲೇ ಆಗಿತ್ತು.

ಅಂದರೆ ಕೂತ ಹಕ್ಕಿಗೆ, ನಿಂತ ಕಲ್ಲಿಗೆ ಈ ದುರ್ಬೀನು ಒಳ್ಳೆಯದು. ಸೂಂಸ್ ಬೇರೆ ಕತೆ.

ಸೂಂಸ್ ಅಂದರೆ ಗಂಗಾ ಡಾಲ್ಫಿನ್. ಹಿಂದಿ ಸೀಮೆಯಲ್ಲಿ ಸೂಂಸ್, ಬಂಗಾಳದಲ್ಲಿ ಶುಶುಕ್. ಮೇಲೆ ಬಂದು ಉಸಿರು ಬಿಡುವಾಗ ಬರುವ ಸದ್ದೇ ಹೆಸರಾಗಿದೆ. 2009ರ ಅಕ್ಟೋಬರ್ 5ರಂದು ಇದನ್ನು ರಾಷ್ಟ್ರೀಯ ಜಲಚರ ಅಂತ ಘೋಷಿಸಿದರು. ಹುಲಿ ನವಿಲು ಎಲ್ಲರಿಗೂ ಗೊತ್ತು, ಇದನ್ನು ಮಾತ್ರ ನಮ್ಮ ಓಣಿಯಲ್ಲಿ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ "ಹೌದಾ?" ಅನ್ನುತ್ತಾರೆ. ನಮಗೆ ಡಾಲ್ಫಿನ್ ಅಂದ್ರೆ ಕಾರವಾರ, ಗೋಕರ್ಣ, ಗೋವಾ. ಅಲ್ಲಿನವು ಸಮುದ್ರದವು. ಬೆನ್ನು ಬಾಗಿಸಿ ರೆಕ್ಕೆ ತೋರಿಸಿ ಆರಾಮಾಗಿ ಹೋಗುತ್ತವೆ, ದೋಣಿಯವನು ಕೈ ತೋರಿಸಿದ ಮೇಲೂ ನೋಡಲು ಟೈಮ್ ಸಿಗುತ್ತದೆ. ಅದೇ ಲೆಕ್ಕ ಹಿಡಿದು ಕಾಶಿಗೆ ಹೋದದ್ದು ನನ್ನ ಮೊದಲ ತಪ್ಪು.

ಎರಡನೇ ತಪ್ಪು, ಘಾಟಿನಲ್ಲಿ ಹುಡುಕಿದ್ದು. ಫೆಬ್ರವರಿಯ ಒಂದು ಸಂಜೆ ಪೂರ್ತಿ ದುರ್ಬೀನು ಕಣ್ಣಿಗೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತೆ. ಕಂಡದ್ದು ಮೋಟಾರು ದೋಣಿಗಳು, ಆಚೆ ದಂಡೆಯ ಒಂಟೆ, ಮತ್ತೆ ಮೋಟಾರು ದೋಣಿಗಳು. ಮರುದಿನ ನಮ್ಮ ಲಾಡ್ಜಿನ ಹುಡುಗ ಕೈಥಿಗೆ ಹೋಗಿ ಅಂದ. ಊರಿಂದ ಸುಮಾರು ಮೂವತ್ತು ಕಿಲೋಮೀಟರ್. ಗೋಮತಿ ನದಿ ಬಂದು ಗಂಗೆಗೆ ಸೇರುವ ಜಾಗ, ಮಾರ್ಕಂಡೇಯ ಮಹಾದೇವನ ಗುಡಿ ಇದೆ, ಹೀಗಾಗಿ ಅವ್ವನೂ ತಯಾರಾದಳು.

ಹೊಳೆಗೆ ಹೊಳೆ ಸೇರುವ ಕಡೆಯೇ ಇವು ಜಾಸ್ತಿ ಯಾಕೆ ಅನ್ನುವುದಕ್ಕೆ ಕಾರಣ ಇದೆ. ಎರಡು ಹರಿವು ಗುದ್ದಿಕೊಂಡಲ್ಲಿ ಸುಳಿ ಏಳುತ್ತದೆ, ತಳದಲ್ಲಿ ಮಡುವು ಆಗುತ್ತದೆ. ಮಡುವಿನ ಅಂಚಿನಲ್ಲಿ ನೀರು ತುಸು ನಿಧಾನ, ಅಲ್ಲಿ ಮೀನು ನಿಲ್ಲುತ್ತವೆ. ಸೂಂಸ್ ಕೂಡ ಹರಿವಿನ ವಿರುದ್ಧ ಸುಮ್ಮನೆ ಶಕ್ತಿ ಕಳಕೊಳ್ಳದೆ ಆ ನಿಧಾನ ನೀರಿನಲ್ಲಿ ನಿಂತು ಊಟ ಮಾಡುತ್ತದೆ. ನದಿ ತಿರುವು ತಗೊಳ್ಳುವ ಜಾಗ, ನಡುಗಡ್ಡೆಯ ಕೆಳಗಿನ ತುದಿ, ಇವೂ ಹೀಗೇ. ಮಳೆಗಾಲದಲ್ಲಿ ನೀರು ಏರಿದಾಗ ಉಪನದಿಗಳಿಗೂ ಹತ್ತಿಹೋಗಿ ಚದುರಿಬಿಡುತ್ತವೆ. ನೀರು ಇಳಿದ ಮೇಲೆ ಮಡುವುಗಳಲ್ಲಿ ಒಟ್ಟಾಗುತ್ತವೆ. ಆದ್ದರಿಂದ ನೋಡಬೇಕಂದ್ರೆ ದೀಪಾವಳಿ ಕಳೆದ ಮೇಲೆ ಹೋಗಿ.

ಹುಟ್ಟು ಹಾಕುವ ದೋಣಿಯನ್ನೇ ಹಿಡಿದೆವು, ಎರಡು ಗಂಟೆಗೆ 600. ದೋಣಿಯವನಿಗೆ ಐವತ್ತರ ಮೇಲೆ ವಯಸ್ಸು, ಅವ್ವನನ್ನು ಮಾತಾಜಿ ಮಾತಾಜಿ ಅಂತ ಕೈ ಹಿಡಿದು ಹತ್ತಿಸಿಕೊಂಡ. ನಾನು ಮುಂದೆ ಕೂತು ದುರ್ಬೀನು ಏರಿಸಿದೆ. ನಲವತ್ತು ನಿಮಿಷ, ಲೆಕ್ಕ ಹಾಕಿ ಹೇಳುತ್ತಿದ್ದೇನೆ, ನಲವತ್ತು ನಿಮಿಷದಲ್ಲಿ ನನಗೆ ಕಂಡದ್ದು ನೀರಿನ ಮೇಲಿನ ಉಂಗುರಗಳು ಮಾತ್ರ. ಅವ್ವ ಹಿಂದಿನಿಂದ "ಅಕಾ ಅಲ್ಲಿ", "ಮತ್ತ ಅಲ್ಲಿ" ಅನ್ನುತ್ತಿದ್ದಳು. ನಾನು ಆ ಕಡೆ ದುರ್ಬೀನು ತಿರುಗಿಸಿ, ಚಕ್ರ ತಿರುವಿ, ಸ್ಪಷ್ಟ ಮಾಡಿಕೊಳ್ಳುವಷ್ಟರಲ್ಲಿ ಮತ್ತೊಂದು ಉಂಗುರ. ಬರಿಗಣ್ಣಿನ ಅವ್ವ ಆರು ನೋಡಿದಳು, 7,200 ರೂಪಾಯಿಯ ನಾನು ಸೊನ್ನೆ.

ದೋಣಿಯವನಿಗೆ ನನ್ನ ಪಾಡು ನೋಡಿ ಕನಿಕರ ಬಂತೇನೋ. ಹುಟ್ಟು ಮೇಲೆತ್ತಿ ಇಟ್ಟ. ದುರ್ಬೀನು ಎದೆಗೆ ಇಳಿಸಿ ಸುಮ್ಮನೆ ಕೂತು ಕೇಳಿ ಅಂದ. ಕೇಳಿದೆ. ದೂರದಲ್ಲಿ ಗುಡಿಯ ಗಂಟೆ, ದೋಣಿ ತಳಕ್ಕೆ ನೀರು ತಟ್ಟುವ ಸದ್ದು, ಆಮೇಲೆ ಎಡಗಡೆ ಹಿಂದಿನಿಂದ ಒಂದು "ಸೂಸ್". ಪ್ರೆಶರ್ ಕುಕ್ಕರಿನ ಸೀಟಿ ಏಳುವ ಮೊದಲು ಚೂರು ಗಾಳಿ ಬಿಡುತ್ತದಲ್ಲ, ಥೇಟ್ ಹಾಗೆ. ತಿರುಗಿದರೆ ಬೂದು ಬೆನ್ನು, ಮುಳುಗುತ್ತಿದೆ. ಅವನು ಅಷ್ಟು ಹೊತ್ತೂ ಕಿವಿಯಿಂದ ಹುಡುಕುತ್ತಿದ್ದ, ಕಣ್ಣು ಆಮೇಲೆ ಹೋಗುತ್ತಿತ್ತು.

ಅಲ್ಲಿಂದ ನನ್ನ ಪದ್ಧತಿ ಬದಲಾಯಿತು. ಇದನ್ನು ನೀವೂ ಮಾಡಿ. ಮೊದಲು ಬರಿಗಣ್ಣಿನಲ್ಲಿ, ಬರಿಗಿವಿಯಲ್ಲಿ ಒಂದು ಗಳಿಗೆ ಕೂತು ಯಾವ ಕಡೆ ಮತ್ತೆ ಮತ್ತೆ ಏಳುತ್ತಿದೆ ನೋಡಿಕೊಳ್ಳಿ. ಆ ದೂರದಲ್ಲಿರುವ ಒಂದು ಬಿದಿರು ಗೂಟಕ್ಕೋ ತೇಲುವ ಕಸಕ್ಕೋ ಚಕ್ರ ತಿರುವಿ ಸ್ಪಷ್ಟ ಮಾಡಿಟ್ಟುಬಿಡಿ, ಆಮೇಲೆ ಚಕ್ರ ಮುಟ್ಟಲೇಬೇಡಿ. ಒಮ್ಮೆ ಉಸಿರು ಬಿಟ್ಟ ಮೇಲೆ ಎಣಿಸುತ್ತಾ ಕೂತುಕೊಳ್ಳಿ. ಅರ್ಧ ನಿಮಿಷದಿಂದ ಎರಡು ನಿಮಿಷದೊಳಗೆ ಸಾಮಾನ್ಯವಾಗಿ ಮತ್ತೆ ಬರುತ್ತದೆ. ಟಿಕೆಟಿನ ಹಿಂದೆ ನಾನು ಬರಕೊಂಡದ್ದು: 48 ಸೆಕೆಂಡು, 70, 55, 95, 40. ಇಪ್ಪತ್ತೈದು ಎಣಿಸಿದ ಮೇಲೆ ದುರ್ಬೀನು ಏರಿಸಿ ಆ ಜಾಗದ ಮೇಲೆ ಹಿಡಿಯಿರಿ. ಐದು ಸಲದಲ್ಲಿ ಎರಡು ಸಲ ಅದು ನಿಮ್ಮ ವೃತ್ತದೊಳಗೇ ಏಳುತ್ತದೆ. ಅಗಲ ನೋಟದ 8×42 ತಗೊಂಡದ್ದು ಸಾರ್ಥಕ ಅನ್ನಿಸುವುದು ಆಗ.

ಹಾಗೆ ಸಿಕ್ಕ ಮೊದಲ ಪೂರ್ತಿ ನೋಟ ಇನ್ನೂ ಕಣ್ಣಲ್ಲಿದೆ. ಮೊದಲು ಬಂದದ್ದು ಕೊಕ್ಕಿನಂಥ ಉದ್ದ ಮೂತಿ, ಓರೆಯಾಗಿ ಮೇಲಕ್ಕೆ. ಚಕ್ಕುಲಿ ಒರಳಿನ ಹಿಡಿಯಷ್ಟೇ ದಪ್ಪ ಇರಬಹುದು, ಬಾಯಿ ಮುಚ್ಚಿದ್ದರೂ ತುದಿಯ ಹಲ್ಲುಗಳು ಹೊರಗೆ ಹೆಣೆದುಕೊಂಡಂತೆ ಕಾಣುತ್ತಿದ್ದವು, ಸ್ವಲ್ಪ ಮೊಸಳೆ ಜಾತಿಯ ಘರಿಯಾಲ್ ನೆನಪಾಗುತ್ತದೆ. ಹಿಂದೆಯೇ ದುಂಡು ಹಣೆ, ಅದರ ಮೇಲೆ ಉಸಿರಿನ ಸೀಳು. ಆಮೇಲೆ ಬೆನ್ನು. ಕಾರವಾರದ ಡಾಲ್ಫಿನ್‌ಗೆ ಇರುವಂಥ ರೆಕ್ಕೆ ಬೆನ್ನ ಮೇಲೆ ಇಲ್ಲವೇ ಇಲ್ಲ, ತ್ರಿಕೋನದ ಒಂದು ತಗ್ಗು ದಿಬ್ಬ ಅಷ್ಟೇ. ನೀರು ಜಾರಿದ ಬೆನ್ನು ಎಮ್ಮೆಯ ಬೆನ್ನಿನ ಹಾಗೆ ಮಿಂಚಿ ಒಳಗೆ ಹೋಯಿತು. ಎಲ್ಲ ಸೇರಿ ಒಂದು ಸೆಕೆಂಡು, ಹೆಚ್ಚೆಂದರೆ ಒಂದೂವರೆ.

ದೊಡ್ಡ ಪ್ರಾಣಿ. ಹೆಣ್ಣು ಎರಡೂವರೆ ಮೀಟರ್ ತನಕ ಬೆಳೆಯುತ್ತದೆ, ಗಂಡು ಅದಕ್ಕಿಂತ ಸಣ್ಣದು. ಹೆಣ್ಣಿನ ಮೂತಿಯೂ ಉದ್ದ. ಪಕ್ಕದ ರೆಕ್ಕೆಗಳು ಬೀಸಣಿಗೆಯ ಹಾಗೆ ಅಗಲ, ಒಳಗಿನ ಬೆರಳೆಲುಬಿನ ಗೆರೆಗಳೂ ಮೇಲೆ ಕಾಣುತ್ತವಂತೆ, ಅದು ನನಗೆ ಕಾಣಲಿಲ್ಲ. ಕುತ್ತಿಗೆ ಎಲುಬುಗಳು ಒಂದಕ್ಕೊಂದು ಬೆಸೆದುಕೊಂಡಿಲ್ಲ, ಹೀಗಾಗಿ ತಲೆಯನ್ನು ಆ ಕಡೆ ಈ ಕಡೆ ಚೆನ್ನಾಗಿ ಹೊರಳಿಸುತ್ತದೆ.

ಇನ್ನು ನಾನು ಹೇಳಬೇಕೆಂದುಕೊಂಡ ಮುಖ್ಯ ಮಾತು. ನಾನು ಎರಡು ತಿಂಗಳು ಲೆನ್ಸ್ ಲೆನ್ಸ್ ಅಂತ ಅಂಗಡಿ ಅಲೆದು, ಬಹುಪದರ ಲೇಪನ ಇದೆಯಾ, ಗಾಜು ಯಾವುದು ಅಂತ ತಲೆ ತಿಂದು ದುರ್ಬೀನು ಕೊಂಡು ನೋಡಲು ಹೋದ ಈ ಪ್ರಾಣಿಯ ಕಣ್ಣಿನಲ್ಲಿ ಲೆನ್ಸೇ ಇಲ್ಲ! ಕಣ್ಣು ಸೂಜಿ ಚುಚ್ಚಿದ ತೂತಿನಷ್ಟಿದೆ. ಬೆಳಕು ಇದೆಯೋ ಇಲ್ಲವೋ, ಯಾವ ಕಡೆಯಿಂದ ಬರುತ್ತಿದೆ, ಅಷ್ಟೇ ಗೊತ್ತಾಗುತ್ತದೆ, ಆಕಾರ ಮೂಡುವುದಿಲ್ಲ. ಗಂಗೆಯ ಕೆಸರು ನೀರಿನಲ್ಲಿ ಕಣ್ಣಿಗೆ ಕೆಲಸವೂ ಇರಲಿಲ್ಲ, ತಲೆಮಾರುಗಳಲ್ಲಿ ಸವೆದುಹೋಯಿತು.

ಇದನ್ನು ಅವ್ವನಿಗೆ ಹೇಳಿದೆ. ಅವಳಿಗೆ ಹೋದ ವರ್ಷವೇ ಮೋತಿಬಿಂದು ತೆಗೆದು ಲೆನ್ಸ್ ಕೂಡಿಸಿದ್ದಾರೆ. "ಹಂಗಾದ್ರ ಅದಕ್ಕೂ ಆಪರೇಶನ್ ಮಾಡಿದ್ರ ಕಾಣತೈತೇನು?" ಅಂದಳು. ನಾನು ನಕ್ಕೆ, ದೋಣಿಯವನಿಗೆ ಹಿಂದಿಯಲ್ಲಿ ಹೇಳಿದೆ, ಅವನು ನಗಲಿಲ್ಲ. ಮಾತಾಜಿ, ಅದಕ್ಕೆ ನಮಗಿಂತ ಚೆನ್ನಾಗಿ ಕಾಣುತ್ತದೆ ಅಂದ.

ಅವನ ಮಾತು ತಪ್ಪಲ್ಲ. ಸೂಂಸ್ ನೋಡುವುದು ಸದ್ದಿನಿಂದ. ಹಣೆಯೊಳಗಿಂದ ಟಿಕ್ ಟಿಕ್ ಅಂತ ಹೆಚ್ಚೂಕಡಿಮೆ ಬಿಡುವಿಲ್ಲದೆ ಸಣ್ಣ ಸದ್ದುಗಳನ್ನು ಮುಂದಕ್ಕೆ ಎಸೆಯುತ್ತದೆ. ಅವು ಮೀನಿಗೋ ದಂಡೆಗೋ ತಾಗಿ ವಾಪಸ್ ಬಂದದ್ದನ್ನು ಕೆಳದವಡೆಯ ಕೊಬ್ಬಿನ ಮೂಲಕ ಕಿವಿಗೆ ತಗೊಳ್ಳುತ್ತದೆ. ಆ ಸದ್ದಿನ ಜೋರು ಇರುವುದು 60 ಕಿಲೋಹರ್ಟ್ಜ್ ಆಸುಪಾಸಿನಲ್ಲಿ, ನಮ್ಮ ಕಿವಿ 20ರ ಆಚೆಗೆ ಕೇಳುವುದಿಲ್ಲ. ಹೀಗಾಗಿ ನಾವು ದೋಣಿಯಲ್ಲಿ ಕೂತು ಎಷ್ಟು ಶಾಂತವಾಗಿದೆ ಅನ್ನುತ್ತಿದ್ದಾಗ ಕೆಳಗೆ ನಿಲ್ಲದ ಟಿಕ್‌ಟಿಕ್ ನಡೆದಿರುತ್ತದೆ. ಇದರ ತಲೆಬುರುಡೆಯಲ್ಲಿ ಹಣೆಯ ಎರಡೂ ಕಡೆ ಎಲುಬಿನ ಗೋಡೆ ಎದ್ದಿದೆ, ಸಿಂಧೂ ನದಿಯ ಡಾಲ್ಫಿನ್ ಬಿಟ್ಟರೆ ಬೇರೆ ಡಾಲ್ಫಿನ್‌ಗಳಿಗೆ ಅದು ಇಲ್ಲ.

ಮತ್ತೊಂದು ವಿಚಿತ್ರ, ಇದು ಮಗ್ಗುಲಾಗಿ ಈಜುತ್ತದೆ. ತೆಳು ನೀರಿಗೆ ಬಂದಾಗ ಒಂದು ಮಗ್ಗುಲಿಗೆ ಹೊರಳಿ, ಕೆಳಗಿನ ರೆಕ್ಕೆಯಿಂದ ತಳದ ಮಣ್ಣನ್ನು ತಡಕಾಡುತ್ತಾ, ತಲೆಯನ್ನು ಅತ್ತಿಂದಿತ್ತ ಆಡಿಸುತ್ತಾ ಹೋಗುತ್ತದೆ. ದೋಣಿಯವನು ಇದನ್ನು ಮಾಡಿ ತೋರಿಸಿದ. ಹಲಗೆ ಮೇಲೆ ಓರೆಯಾಗಿ ಒರಗಿ, ಒಂದು ಕೈ ಕೆಳಗೆ ಬಿಟ್ಟು ತಡವುತ್ತಾ, ಕುತ್ತಿಗೆ ಆಡಿಸಿದ. ಕರೆಂಟು ಹೋದಾಗ ನಮ್ಮಜ್ಜ ಕಾಟಿನ ಕೆಳಗೆ ಚಪ್ಪಲಿ ಹುಡುಕುತ್ತಿದ್ದದ್ದು ಹೀಗೇ! ತಳದ ಕೆಸರಿನಲ್ಲಿರುವ ಸಣ್ಣ ಮೀನು, ಸೀಗಡಿ ಹಾಗೆ ಸಿಗುತ್ತವೆ. ಉದ್ದ ಮೂತಿ ಇರುವುದೇ ಚಿಮುಟದ ಹಾಗೆ ಹಿಡಿಯಲಿಕ್ಕೆ.

ಹೊರಡುವ ಹೊತ್ತಿಗೆ ತಾಯಿ ಮರಿ ಸಿಕ್ಕವು. ತಾಯಿ ಎದ್ದ ಬೆನ್ನಿಗೇ ಪಕ್ಕದಲ್ಲಿ ಇನ್ನೊಂದು, ಸಣ್ಣದು, ಬಣ್ಣ ಇನ್ನೂ ಕಂದು, ಮೂತಿ ಗಿಡ್ಡ. ಮರಿ ಮಾತ್ರ ತಲೆಯನ್ನು ಅಗತ್ಯಕ್ಕಿಂತ ಜಾಸ್ತಿ ಹೊರಗೆ ಹಾಕಿತು, ಈಜು ಕಲಿಯುವ ಹುಡುಗರ ಹಾಗೆ. ಒಂದು ಸಲಕ್ಕೆ ಒಂದೇ ಮರಿ, ಹೊಟ್ಟೆಯಲ್ಲಿ ಹತ್ತು ತಿಂಗಳ ಆಸುಪಾಸು, ಮತ್ತೊಂದಕ್ಕೆ ಎರಡು ಮೂರು ವರ್ಷ ಕಾಯಬೇಕು, ಮರಿ ತಾನು ಬೆದೆಗೆ ಬರಲು ಹತ್ತು ವರ್ಷ. ಇಂಥ ಪ್ರಾಣಿ ಬಲೆಗೆ ಸಿಕ್ಕಿ ಒಂದು ಸತ್ತರೂ ಆ ಜಾಗ ತುಂಬಲು ಎಷ್ಟು ಕಾಲ ಬೇಕು ಲೆಕ್ಕ ಹಾಕಿ. ನೈಲಾನ್ ಬಲೆಯ ತೆಳು ಎಳೆಗಳಿಂದ ಇದರ ಸದ್ದು ಸರಿಯಾಗಿ ವಾಪಸ್ ಬರುವುದಿಲ್ಲ. ಸಿಕ್ಕಿಕೊಂಡರೆ ಮೇಲೆ ಬಂದು ಉಸಿರಾಡಲಿಕ್ಕಾಗದೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಮೀನಲ್ಲವಲ್ಲ, ನಮ್ಮ ಹಾಗೇ ಪುಪ್ಪುಸ.

ಕಾಯಂ ಬೇಟೆಯೂ ಇತ್ತು. ಇದರ ಎಣ್ಣೆ ಹಾಕಿದರೆ ಕೆಲವು ಜಾತಿ ಮೀನು ಬರುತ್ತವೆ ಅಂತ ಬಿಹಾರ, ಅಸ್ಸಾಂ ಕಡೆ ಕೊಲ್ಲುತ್ತಿದ್ದರು. ಪಟ್ನಾದ ಆರ್.ಕೆ. ಸಿನ್ಹಾ ಅಂತ ಪ್ರೊಫೆಸರ್, 2016ರಲ್ಲಿ ಪದ್ಮಶ್ರೀ ಬಂದವರು, ಮೀನಂಗಡಿಯಲ್ಲಿ ಎಸೆಯುವ ಕರುಳು ತಲೆಗಳಿಂದ ತೆಗೆದ ಎಣ್ಣೆಗೂ ಆ ಮೀನು ಬರುತ್ತವೆ ಅಂತ ತೋರಿಸಿಕೊಟ್ಟರು. ಕೊಲ್ಲಬೇಡಿ ಅಂತ ಭಾಷಣ ಮಾಡುವುದಕ್ಕಿಂತ ಇದು ನೂರು ಪಾಲು ಮೇಲು ಅಂತ ನನ್ನ ಅಭಿಪ್ರಾಯ. ಬ್ಯಾರೇಜುಗಳು ಇನ್ನೊಂದು ತೊಂದರೆ. 1975ರಲ್ಲಿ ಶುರುವಾದ ಬಂಗಾಳದ ಫರಕ್ಕಾ ಸೇರಿ ನದಿಗೆ ಅಡ್ಡ ಕಟ್ಟಿದ ಕಡೆಯೆಲ್ಲ ಮೇಲಿನವು ಮೇಲೆ, ಕೆಳಗಿನವು ಕೆಳಗೆ ಆಗಿಬಿಡುತ್ತವೆ. ಮೋಟಾರಿನ ಗದ್ದಲ ಕೇಳುವುದೇ ಬೇಡ. ಕಿವಿಯಿಂದ ಬದುಕುವ ಪ್ರಾಣಿಯ ಮುಂದೆ ಡೀಸೆಲ್ ಎಂಜಿನ್ ಓಡಿಸುವುದು ಅಂದ್ರೆ ನಮ್ಮ ಕಣ್ಣಿಗೆ ಲಾರಿಯ ಹೈಬೀಮ್ ಬಿಟ್ಟ ಹಾಗೆ. ಘಾಟಿನಲ್ಲಿ ನನಗೆ ಒಂದೂ ಕಾಣದೇ ಇದ್ದದ್ದಕ್ಕೆ ಆಶ್ಚರ್ಯ ಏನಿಲ್ಲ.

ಎಷ್ಟಿವೆ ಅಂತ ಎಲ್ಲರೂ ಕೇಳುತ್ತಾರೆ. 2021ರಿಂದ 2023ರ ತನಕ ಎಂಟು ರಾಜ್ಯಗಳ 58 ನದಿಗಳಲ್ಲಿ 8,500 ಕಿಲೋಮೀಟರಿಗೂ ಹೆಚ್ಚು ಓಡಾಡಿ ಅಂದಾಜು ಮಾಡಿದರು, 2025ರ ಮಾರ್ಚಿನಲ್ಲಿ ಲೆಕ್ಕ ಹೊರಬಂತು. ಒಟ್ಟು 6,327. ಅದರಲ್ಲಿ ಉತ್ತರಪ್ರದೇಶದಲ್ಲಿ 2,397, ಬಿಹಾರದಲ್ಲಿ 2,220. ಪಂಜಾಬಿನ ಬಿಯಾಸ್ ನದಿಯಲ್ಲಿ ಮೂರೇ ಮೂರು, ಅವು ಸಿಂಧೂ ಡಾಲ್ಫಿನ್, ಇದರ ದಾಯಾದಿ. ಎಣಿಸುವವರೂ ನಾನು ಪಟ್ಟ ಪಾಡನ್ನೇ ಪಡುತ್ತಾರೆ, ಒಂದು ಸೆಕೆಂಡು ತಲೆ ಎತ್ತುವುದನ್ನು ಹೇಗೆ ಎಣಿಸಬೇಕು? ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿಯಲಿ ಅಂತ ಬೇರೆ ಬೇರೆ ಜನ ನೋಡಿ ಬರೆಯುತ್ತಾರೆ, ನೀರಿಗೆ ಮೈಕ್ ಇಳಿಬಿಟ್ಟು ಟಿಕ್‌ಟಿಕ್ ಕೂಡ ಕೇಳುತ್ತಾರೆ. ಕೊನೆಗೆ ಅಲ್ಲೂ ಕಿವಿಯೇ. ಚೀನಾದ ಯಾಂಗ್ಟ್ಸೆ ನದಿಯಲ್ಲೂ ಇಂಥದ್ದೇ ಒಂದು ಡಾಲ್ಫಿನ್ ಇತ್ತು, ಬೈಜಿ ಅಂತ. 2006ರಲ್ಲಿ ವಾರಗಟ್ಟಲೆ ಹುಡುಕಿದರು, ಒಂದೂ ಸಿಗಲಿಲ್ಲ.

ತುಂಗಭದ್ರೆಯಲ್ಲಿ ಇದ್ದಾವಾ ಅಂತ ಹಾವೇರಿಯ ಗೆಳೆಯ ಕೇಳಿದ. ಇಲ್ಲಪ್ಪ, ನಮ್ಮ ಹೊಳೆಗಳಲ್ಲಿ ನೀರುನಾಯಿ ಇದೆ, ಈ ದುರ್ಬೀನಿಗೆ ಅದು ಚೆನ್ನಾಗಿ ಸಿಗುತ್ತದೆ. ಸೂಂಸ್‌ಗೂ ನಮಗೂ ಸಂಬಂಧ ಬೇಕೇ ಬೇಕು ಅನ್ನುವವರು ಕೊಪ್ಪಳದ ಗವಿಮಠಕ್ಕೆ ಹೋಗಿ. ಅಲ್ಲಿ ಅಶೋಕನ ಶಾಸನ ಇದೆಯಲ್ಲ, ಅದೇ ಅಶೋಕ ಉತ್ತರದ ಕಂಬಗಳ ಮೇಲೆ ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಕೆತ್ತಿಸಿದ. ಅದರಲ್ಲಿ ಗಂಗಾಪುಪುಟಕ ಅಂತ ಒಂದು ಹೆಸರಿದೆ, ಅದು ಇದೇ ಡಾಲ್ಫಿನ್ ಅಂತ ತಿಳಿದವರು ಹೇಳುತ್ತಾರೆ. ಇನ್ನೊಂದು ನಂಟು ಪೇಡೆಯದು. ಧಾರವಾಡ ಪೇಡೆ ಶುರು ಮಾಡಿದ ಮನೆತನ ಬಂದದ್ದು ಉತ್ತರಪ್ರದೇಶದ ಉನ್ನಾವ್‌ನಿಂದ, ಗಂಗೆಯ ದಂಡೆಯ ಸೀಮೆ. ನಾವು ಒಯ್ದ ಪೇಡೆ ದೋಣಿಯವನಿಗೆ ಕೊಟ್ಟೆ. ಬಾಯಿಗೆ ಹಾಕಿಕೊಂಡು, ನಮ್ಮ ಬನಾರಸಿ ಲಾಲ್ ಪೇಡಾ ಕದ್ದಿದ್ದೀರಿ ಅಂದ. ಇರಲಿ ಬಿಡಿ.

ಈಗ ದುರ್ಬೀನಿನ ತಪ್ಪುಗಳು, ಒಂದೊಂದಾಗಿ ಬೈಯುತ್ತೇನೆ.

ಬೆಲ್ಟು. ಹೊಲಿಗೆ ನೋಡಿದರೆ ಗಟ್ಟಿ ಅನ್ನಿಸುತ್ತದೆ, ಒಳಗೆ ದಾರ ಎರಡೇ ಎಳೆ. ತಾಯಿ ಮರಿ ಎದ್ದ ಗಡಿಬಿಡಿಯಲ್ಲಿ ನಾನು ಬಗ್ಗಿದೆ, ಬಲಗಡೆ ಹೊಲಿಗೆ ಬಿಚ್ಚಿ 7,200 ರೂಪಾಯಿ ಗಂಗಾರ್ಪಣ ಆಗುವುದರಲ್ಲಿತ್ತು. ಅವ್ವ ಹಿಡಕೊಂಡಳು. ಕಾಶಿಗೆ ಹೋದವರು ಇಷ್ಟವಾದದ್ದು ಏನಾದರೂ ಬಿಟ್ಟು ಬರಬೇಕು ಅಂತ ಪದ್ಧತಿ, ಅವ್ವ ಜಾಣತನದಿಂದ ಮೊದಲೇ ತಿನ್ನದ ಹಾಗಲಕಾಯಿ ಬಿಟ್ಟಿದ್ದಳು. "ನೀ ದುರ್ಬೀನ ಬಿಡಾಂವ ಇದ್ದೇನು?" ಅಂತ ಇವತ್ತಿಗೂ ಕೇಳುತ್ತಾಳೆ. ವಾಪಸ್ ಬಂದು ಅಂಗಡಿಗೆ ಹೋದರೆ "ಬೆಲ್ಟಿಗೆ ವಾರಂಟಿ ಬರಂಗಿಲ್ರಿ" ಅಂದರು. ನಮ್ಮ ಓಣಿಯ ಚಪ್ಪಲಿ ಹೊಲಿಯುವ ಕಾಕಾ ಚರ್ಮದ ತುಂಡು ಇಟ್ಟು ಐವತ್ತು ರೂಪಾಯಿಗೆ ಹೊಲಿದು ಕೊಟ್ಟರು. ಇನ್ನು ಅದು ಹರಿಯುವುದು ದುರ್ಬೀನು ಒಡೆದ ಮೇಲೆಯೇ.

ಮುಂದಿನ ಗಾಜಿನ ಮುಚ್ಚಳ. ಸುಮ್ನೆ ಸಿಕ್ಕಿಸಿಡುವ ರಬ್ಬರು, ತಾನಾಗೇ ಉದುರುತ್ತದೆ. ಒಂದು ನೀರಿಗೆ ಬಿತ್ತು. ದೋಣಿಯವನು ಹುಟ್ಟಿನಿಂದ ಎಳೆದು ಎತ್ತಿ ಕೈಗೆ ಕೊಟ್ಟ, ಮುಖ ನೋಡಿದ ರೀತಿಗೆ ನನಗೆ ನಾಚಿಕೆ ಆಯಿತು. ಮನೆಯಲ್ಲೇ ತೆಗೆದಿಟ್ಟು ಹೋಗಿ.

ಮಂಜು. ಬೆಳಗ್ಗೆ ಏಳಕ್ಕೆ ನದಿ ಮೇಲೆ ಮಂಜು ಇತ್ತು, ಕಣ್ಣಿಡುವ ಗಾಜಿಗೆ ನನ್ನ ಉಸಿರೇ ಹತ್ತಿ ಮಸುಕಾಗುತ್ತಿತ್ತು. ಒಳಗೆ ಮಾತ್ರ ಮಸುಕು ಬರಲಿಲ್ಲ, ವಾಟರ್‌ಪ್ರೂಫ್ ಅಂತ ಡಬ್ಬಿ ಮೇಲೆ ಬರೆದದ್ದು ನಿಜವೇ ಇರಬೇಕು. ಒಂದು ಹಳೇ ಹತ್ತಿ ಬಟ್ಟೆ ಜೇಬಿನಲ್ಲಿ ಇರಲಿ, ಪಂಚೆಯ ತುಂಡಾದರೂ ಸರಿ. ಕನ್ನಡಕದವರು ಕೊಳ್ಳುವ ಮೊದಲು ಕನ್ನಡಕ ಹಾಕಿಕೊಂಡೇ ನೋಡಬೇಕು. ಇದರಲ್ಲಿ ರಬ್ಬರ್ ಬಳೆಯನ್ನು ಒಳಗೆ ತಿರುವಿದರೂ ನನ್ನ ಭಾವನಿಗೆ ಅಂಚು ಕತ್ತರಿಸಿದ ಹಾಗೆ ಕಾಣುತ್ತಿತ್ತು. ತೂಕ ಸುಮಾರು ಆರುನೂರೈವತ್ತು ಗ್ರಾಂ, ಎರಡು ಗಂಟೆ ಕುತ್ತಿಗೆಯಲ್ಲಿ ಇದ್ದರೆ ಗೊತ್ತಾಗುತ್ತದೆ. ಅವ್ವ ಎರಡು ನಿಮಿಷ ಹಾಕಿಕೊಂಡು ತೆಗೆದುಕೊಟ್ಟಳು.

ಒಳ್ಳೆಯದೂ ಇದೆ, ಇಲ್ಲಾಂದ್ರೆ ಮೂರೂವರೆ ಕೊಡುತ್ತಿರಲಿಲ್ಲ. ನಸುಕಿನ ಬೆಳಕಿನಲ್ಲಿ ಕಣ್ಣಿಗೆ ಸಿಗುವ ಹೊಳಪು ಚೆನ್ನಾಗಿದೆ. ಆ ಮರಿಯ ಕಂದು ಬಣ್ಣ, ತಾಯಿಯ ಹಲ್ಲು, ಹಣೆಯ ಮೇಲಿನ ಸೀಳು ತೆರೆದು ಮುಚ್ಚಿದ್ದು, ಇದ್ಯಾವುದೂ ಅವ್ವನಿಗೆ ಕಾಣಲಿಲ್ಲ. ಅವಳು ಕೊನೆಗೆ ಎಣಿಸಿದ್ದು ಹದಿನೇಳು, ನಾನು ನಾಲ್ಕು. ಆದರೆ ನನ್ನ ನಾಲ್ಕನ್ನು ನಾನು ಚಿತ್ರ ಬರೆದು ತೋರಿಸಬಲ್ಲೆ.

ಫೋಟೋ ಆಸೆ ಇಟ್ಟುಕೊಳ್ಳಬೇಡಿ. ನನ್ನ ಫೋನಿನಲ್ಲಿ ಮೂವತ್ತೆಂಟು ಫೋಟೋ ಇವೆ, ಮೂವತ್ತೆಂಟರಲ್ಲೂ ಉಂಗುರ. ಅಂಗಡಿಯವರು "ಎಲ್ರಿ ನಿಮ್ಮ ಡಾಲ್ಫಿನ್?" ಅಂದಾಗ ಅದನ್ನೇ ತೋರಿಸಿದೆ.

ಮೂರೂ ಜನ ಧಾರವಾಡದವರಿಗೆ: ಕಾಶಿಗೆಂದೇ ಕೊಳ್ಳುವುದಾದರೆ ಬೇಡ, ನನ್ನದನ್ನೇ ಒಯ್ಯಿರಿ. ಯಾರು ಮೊದಲು ಅನ್ನುವುದನ್ನು ನೀವೇ ಮಾತಾಡಿಕೊಳ್ಳಿ. ಮಾಗಡಿ ಹೆಬ್ಬಾತು ಬರುವಷ್ಟರಲ್ಲಿ ವಾಪಸ್ ಬೇಕು, ಅಕ್ಕನ ಮಗ ಈಗಲೇ ಕೇಳುತ್ತಿದ್ದಾನೆ.